ಗದ್ವಾಲದಾಗ ಕಾಯುವವರಿಗೆ

ನಾರಾಯಣಪೇಟೆ
2 ಜೂನ್ 2014, ಸೋಮವಾರ

ಮನಿ ಯಜಮಾನರಿಗೆ ಶಿವರಂಜನಿಯ ನಮಸ್ಕಾರ.

ಹೊಸ ರಾಜ್ಯ ಬಂತಂತ ಮುಂಜಾನಿಂದ ಓಣ್ಯಾಗ ಪಟಾಕಿ ಹಾರಸಾಕತ್ತಾರ. ನೀವು ಮೊದಲನೇ ಬಸ್ಸಿಗೇ ಗದ್ವಾಲಕ್ಕ ಹೋದಿರಿ. ಈ ಹೊತ್ತಿಗೆ ಅಲ್ಲಿಯ ಹಳೇ ಕೋಟಿ ಬಾಗಿಲ ಮುಂದ ಬಿಸಲಾಗ ನಿಂತಿರತೀರಿ, ನಮ್ಮ ಭುವನೇಶ್ವರಿ ಅಕ್ಕ ಬರತಾಳಂತ.

ಅಕ್ಕ ಬರಂಗಿಲ್ಲರೀ. ಆಕಿ ಸತ್ತು ಮೂರು ವರ್ಷ ಆತು.

ನೀವು ನಮ್ಮಪ್ಪನ ಮಗ್ಗದಾಗ ಸೀರಿ ನೇಯಾಕ ಬಂದಾಗ ನನಗ ಹದಿಮೂರು, ಅಕ್ಕಗ ಹತ್ತೊಂಬತ್ತು. ಆಕಿ ನೀರಿನ ತಂಬಿಗಿ ಹಿಡಕೊಂಡು ಬಂದರ ನಿಮ್ಮ ಮಗ್ಗದ ಸಪ್ಪಳ ನಿಂತಬಿಡತಿತ್ತು. ಬಸವಪ್ರಸಾದ ಅಣ್ಣಗ ಅದು ಗೊತ್ತಾದ ದಿನ ನಿಮ್ಮನ್ನ ಅಂಗಳದ ಕಂಬಕ್ಕ ಕಟ್ಟಿ, ಮಂದಿ ಮುಂದ ಬಾರಕೋಲಿನಿಂದ ಹೊಡದ. ತಿಂಗಳು ತುಂಬೋದರೊಳಗ ಅಕ್ಕನ್ನ ದೂರದ ಭಿವಂಡಿಗೆ ಕೊಟ್ಟು ಕಳಿಸಿದ.

ಹತ್ತು ವರ್ಷದ ಮ್ಯಾಲ ನೀವು ದೊಡ್ಡ ಸೀರಿ ವ್ಯಾಪಾರಿ ಆಗಿ ತಿರುಗಿ ಬಂದಿರಿ. ಅಪ್ಪ ಹೋಗಿದ್ದ. ಅಣ್ಣ ಕುಡದು ಕುಡದು ಹಾಸಿಗಿ ಹಿಡದಿದ್ದ. ಮನಿ ಕೊಂಡಿರಿ, ನನ್ನನ್ನೂ ಕೇಳಿದಿರಿ. ಸುಳ್ಳು ಯಾಕ ಹೇಳಲಿ, ನಾ ಹಿಗ್ಗಿ ಹೋದೆ. ಹದಿಮೂರರಿಂದ ನನ್ನ ಮನಸ್ಸಿನಾಗ ಇದ್ದವರು ನೀವೇ.

ಲಗ್ನದ ದಿನ, ಮೈಮ್ಯಾಲಿನ ಅರಿಶಿಣ ಇನ್ನೂ ಒಣಗಿರಲಿಲ್ಲ, ನೀವಂದಿರಿ: “ನಿನ್ನ ಮ್ಯಾಲ ನನಗ ಸಿಟ್ಟಿಲ್ಲ, ಆಸಿನೂ ಇಲ್ಲ. ನಿಮ್ಮಣ್ಣ ದಿನಾ ನಿನ್ನ ಮಾರಿ ನೋಡಿ ನೋಡಿ ಸಾಯಬೇಕು. ಅಷ್ಟಕ್ಕ ತಂದೀನಿ.”

ಅಣ್ಣನ ಹೊರಸು ಅದೇ ಕಂಬದ ಬಾಜೂಕ ಹಾಕಿಸಿದಿರಿ. ಅಂವ ಮಲಗಿದಲ್ಲಿಂದಲೇ ಕೈ ಮುಗಿಯತಿದ್ದ, “ಕಾಂತೇಶಾ, ಬಿಟ್ಟುಬಿಡಪ್ಪಾ, ಆಕಿ ಏನು ಮಾಡ್ಯಾಳ” ಅಂತ. ಎರಡು ವರ್ಷಕ್ಕ ಅಂವ ಹೋದ. ಇನ್ನರ ನನ್ನ ಕಡೆ ತಿರುಗಿ ನೋಡತೀರಿ ಅಂದುಕೊಂಡೆ. ನೋಡಲಿಲ್ಲ.

ಮರುವರ್ಷ ಭಿವಂಡಿಯಿಂದ ಫೋನ್ ಬಂತು. ಅಕ್ಕ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದಳು. ನೀವು ಉಣ್ಣಾಕ ಕುಂತಿದ್ದಿರಿ. “ಅಕ್ಕನ ಸುದ್ದಿ ಬಂದೈತಿ” ಅಂದೆ. ನಿಮ್ಮ ಕೈ ತಾಟಿನಾಗೇ ನಿಂತಿತು. ನಿಮ್ಮ ಮಾರಿ ಮಗ್ಗದ ಮುಂದ ಕುಂಡರತಿದ್ದ ಆ ಹುಡುಗನ ಮಾರಿ ಆತು. ಸತ್ತಳು ಅನ್ನೋದರ ಬದಲಿ “ನಿಮ್ಮನ್ನ ಕೇಳಿದಳಂತ” ಅಂದುಬಿಟ್ಟೆ. ಅವತ್ತು ನೀವು ನನ್ನ ಕೈಯಾಗಿಂದ ಇನ್ನೊಂದು ರೊಟ್ಟಿ ಇಸಗೊಂಡಿರಿ.

ಅಲ್ಲಿಂದ ಪತ್ರ ಸುರುವಾದವು. ನಮ್ಮ ಓಣಿ ಕಿಷ್ಟಮ್ಮನ ಮಗ ಭಿವಂಡಿ ಮಗ್ಗದಾಗ ಅದಾನ, ಆಕಿ ಹೋಗಿ ಬಂದು ಮಾಡತಾಳ. ಯಾರ ಮುಂದನೂ ಬಾಯಿ ಬಿಡಂಗಿಲ್ಲಂತ ಆಕಿ ಕಡೆಯಿಂದ ಆಣಿ ಹಾಕಿಸಿಕೊಂಡು, ಅಕ್ಕನ ಹೆಸರಿಲೆ ನಾನೇ ಬರದು, ಭಿವಂಡಿಯಿಂದ ಬಂದದ್ದಂತ ಆಕಿ ಕೈಲೆ ನಿಮಗ ಕೊಡಿಸಿದೆ. ಪಾಟಿ ಮ್ಯಾಲ ನನ್ನ ಕೈ ಹಿಡಿದು ಬರೆಸಿದಾಕಿ ಅಕ್ಕ, ಆಕಿ ಅಕ್ಷರ ಮೂಡಸೋದು ಕಷ್ಟ ಆಗಲಿಲ್ಲ. ಗಂಡ ಎತ್ತತಾನ, ಫೋನ್ ಮಾಡಬ್ಯಾಡ ಅಂತ ಬರದೆ. ನೀವು ಕಳಿಸಿದ ಪತ್ರ ಕಿಷ್ಟಮ್ಮ ತಂದು ನನಗೇ ಕೊಡತಿದ್ದಳು. ಉಂಡಿ ಏನು, ಜ್ವರ ಬಿಟ್ಟಾವೇನು, ಯಾಕ ಸೊರಗೀದಿ ಅಂತ ಕೇಳತಿದ್ದಿರಿ. ನನ್ನನ್ನ ಯಾರೂ ಹಂಗ ಕೇಳಿರಲಿಲ್ಲ. ಓದಿದ್ದೇ ಓದತಿದ್ದೆ. ಆಗ ನನ್ನ ಮನಸ್ಸಿನಾಗ ಸೇಡು ಇರಲಿಲ್ಲರೀ.

ಹ್ವಾದ ವರ್ಷ ಯುಗಾದಿ ಮುಂದ ನೀವು ಬರೆದಿರಿ: “ಮನ್ಯಾಗ ಒಬ್ಬಾಕಿ ಅದಾಳ. ಇದ್ದರೂ ಅಷ್ಟ, ಸತ್ತರೂ ಅಷ್ಟ. ನೀ ಬಂದ ದಿನ ಹೊರಗ ಹಾಕತೀನಿ.”

ಅದಾದ ಮ್ಯಾಲೇ ನಾ ಅಕ್ಕನ ಹೆಸರಿಲೆ ನಿಮ್ಮನ್ನ ಕರಿಯಾಕ ಹತ್ತಿದೆ. ಮೊದಲು ಮಕ್ತಲ್ ಬಸ್‌ಸ್ಟ್ಯಾಂಡಿಗೆ. ಆಮ್ಯಾಲ ಕೃಷ್ಣಾ ಸ್ಟೇಷನ್ನಿಗೆ. ಪ್ರತಿ ಸಲ ಹೊಸ ಅಂಗಿ ತೊಟ್ಟು ಹೋದಿರಿ, ಹೆಣದಂಗ ತಿರುಗಿ ಬಂದಿರಿ. ತಾಟು ಮುಂದಿಟ್ಟು ನಿಮ್ಮ ಮಾರಿ ನೋಡತಾ ಕುಂಡರತಿದ್ದೆ. ಹಿತ ಅನಸತಿತ್ತು. ಅದನ್ನೂ ಬರೀತೀನಿ, ಮುಚ್ಚಿಡಾಂಗಿಲ್ಲ.

ಈಗ ನಿಮ್ಮ ಕಾಲು ಬಾತಾವ, ಗಂಟಲಾಗ ಅನ್ನ ಇಳಿಯವಲ್ದು. ಅಣ್ಣ ಸಾಯೋದು ನೋಡೀನಿ, ನೀವು ಸಾಯೋದು ನೋಡೋ ಶಕ್ತಿ ನನಗಿಲ್ಲ. ನೀವು ಬರೋದರಾಗ ನಾ ರಾಯಚೂರ ಬಸ್ಸಿನಾಗ ಇರತೀನಿ. ಮುಂದ ಎಲ್ಲಿಗೆ ಅಂತ ನನಗೂ ಗೊತ್ತಿಲ್ಲ.

ಇಂತಿ,
ನಿಮ್ಮ ಹೆಂಡತಿ ಆಗಬೇಕಂತ ಬಂದಾಕಿ,
ಶಿವರಂಜನಿ

ತಾ.ಕ.: ಮಂಗಳವಾರ ಮುಂಜಾನಿ. ನಾ ಹೋಗಲಿಲ್ಲ. ನಿನ್ನೆ ಸಂಜಿಗೆ ಚೀಲ ಹಿಡದು ಹೊರಡೂದ್ರಾಗ ನೀವು ಬಂದು ಹೊಸ್ತಿಲ ಮ್ಯಾಲೇ ಕುಸದಿರಿ. “ರಂಜನಿ, ಆಕಿ ಬರಲಿಲ್ಲ” ಅಂತ ನನ್ನ ತೊಡಿ ಮ್ಯಾಲ ತಲಿ ಇಟ್ಟು ಅತ್ತಿರಿ. ಈ ಪತ್ರ ಕೊಡಾಕ ನನಗ ಕೈ ಬರಲಿಲ್ಲ. ಇವತ್ತು ಎದ್ದ ಕೂಡ್ಲೆ ಅಕ್ಕನ ಅಕ್ಷರದಾಗ ಇನ್ನೊಂದು ಬರದೆ: ರಾಯಚೂರತನಕ ಬಂದಿದ್ದೆ, ಜೈಕಾರದ ಗದ್ಲದಾಗ ಮುಂದ ಬಸ್ಸು ಸಿಗಲಿಲ್ಲ, ಆ ಕಡೆ ಬರೋರ ಕೈಲೆ ಈ ಪತ್ರ ಕಳಿಸೀನಿ, ಶ್ರಾವಣಕ್ಕ ತಪ್ಪದ ಬರತೀನಿ, ಅಲ್ಲೀತನಕ ರಂಜನಿ ಮಾಡಿ ಹಾಕಿದ್ದು ಹೊಟ್ಟಿತುಂಬ ಉಣ್ಣು. ಕಿಷ್ಟಮ್ಮ ಅದನ್ನ ತೊಗೊಂಡು ಈಗ ಅಂಗಳಕ್ಕ ಬಂದಾಳ. ನೀವು ಬಾತ ಕಾಲಿಲೆ ಓಡಾಕತ್ತೀರಿ.