ಹುಲ್ದಾ ಸಾಲಿನ್ಸ್ ಅವರ ಪೆನ್ಸಿಲ್ ಗೀಚುಗಳು

ಮೇಲುಡುಪಿ, ಕ್ರಿಸ್ತಶಕ ೨೩೧೯, ನವೆಂಬರ್ ಹತ್ತೊಂಬತ್ತು, ಬೆಳಗಿನ ಗಂಜಿಯ ನಂತರ.

ಮಾನ್ಯ ಹುಲ್ದಾ ಸಾಲಿನ್ಸ್ ಅವರಿಗೆ, ಇನ್ನೂ ಹುಟ್ಟಿರದ ಯೆಮೀಮಳ ನಮಸ್ಕಾರಗಳು. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮದೂ ನಮಗೆ ಹಾಗೆಯೇ ಕಾಣುತ್ತದೆ, ಮರ್ಯಾದೆಗೆ ಸುಮ್ಮನಿದ್ದೇವೆ. ಈ ಪತ್ರ ಬರುತ್ತಿರುವುದು ಹಿಂದೋಲೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜನ್ಮಕ್ಕೆ ಒಂದೇ ಅವಕಾಶ. ಹತ್ತೊಂಬತ್ತನೆಯ ವಯಸ್ಸಿಗೇ ನನ್ನದನ್ನು ನಿಮ್ಮ ಮೇಲೆ ಸುರಿಯುತ್ತಿದ್ದೇನೆ ಎಂಬುದನ್ನು ದಯವಿಟ್ಟು ಗಮನಿಸಿ.

ನಿಮ್ಮ ಉಡುಪಿಯನ್ನು ಕಡಲು ತೆಗೆದುಕೊಂಡಿತು. ನಾವು ಕಂಬಗಳ ಮೇಲೆ ವಾಸಿಸುತ್ತೇವೆ, ಆದ್ದರಿಂದ ಮೇಲುಡುಪಿ. ಇಲ್ಲಿನ ಕ್ರೈಸ್ತರ ಮನೆಗಳಲ್ಲೆಲ್ಲ ಗೋಡೆಯ ಮೇಲೆ ನುಡಿಗೂಡು ಎಂಬ ಪೆಟ್ಟಿಗೆಯಿದೆ. ಬೆಳಿಗ್ಗೆ ಆರಕ್ಕೆ ಅದು ಆ ದಿನದ ಧ್ಯಾನವನ್ನು ಓದುತ್ತದೆ. ಎರಡು ನಿಮಿಷ ಕಣ್ಣು ಮುಚ್ಚಿದ ಮೇಲೆಯೇ ಗಂಜಿ. ಹೊಸ ಧ್ಯಾನಗಳನ್ನು ಬರೆಯುವವರಿಲ್ಲದ ಕಾರಣ ಹಳೆಯ ದಿನಧ್ಯಾನದ ಪುಸ್ತಕಗಳ ಪುಟಗಳನ್ನೇ ದಿನಕ್ಕೊಂದರಂತೆ ಚರ್ಚಿನ ಯಂತ್ರಕ್ಕೆ ತೋರಿಸುತ್ತೇವೆ. ಅಚ್ಚು ಯಾವುದು, ಪೆನ್ಸಿಲ್ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಓದುಗರು ಗೀಚಿದ್ದನ್ನು ಮೊದಲು ರಬ್ಬರಿನಿಂದ ಉಜ್ಜಿ ತೆಗೆಯಬೇಕು. ದೀಕ್ಷಾಸ್ನಾನದ ತೊಟ್ಟಿಯಲ್ಲಿ ಏಡಿ ಬಿಟ್ಟ ತಪ್ಪಿಗೆ ಈ ಉಜ್ಜುವ ಕೆಲಸ ನನ್ನ ಪಾಲಿಗೆ ಬಂತು. ಈ ವರ್ಷ ಸಿಕ್ಕಿದ್ದು ೨೦೨೬ರ ನಿಮ್ಮ ಪುಸ್ತಕ. ಮೊದಲ ಪುಟದಲ್ಲಿ ನಿಮ್ಮ ಹೆಸರಿತ್ತು. ಅಂಚಿನ ತುಂಬ ನೀವೇ ಇದ್ದಿರಿ. ನಾನು ಉಜ್ಜಲಿಲ್ಲ.

ಮಾರ್ಚ್ ನಾಲ್ಕರಂದು ಮುನ್ನೂರು ಮನೆಗಳಲ್ಲಿ ನುಡಿಗೂಡು ಗಂಭೀರ ಧ್ವನಿಯಲ್ಲಿ, "ಕರ್ತನು ನನ್ನ ಕುರುಬನು. ಹಾಲು ಅರ್ಧ ಲೀಟರ್ ಸಾಕು," ಎಂದಿತು. ಮುನ್ನೂರು ಮನೆಗಳೂ ಕಣ್ಣು ಮುಚ್ಚಿದವು. ಆ ಭಾನುವಾರ ನಮ್ಮ ಪಾದ್ರಿ ತಿಮೊಥೆಯ ಅಯ್ಯನವರು ನಲವತ್ತು ನಿಮಿಷ ಪ್ರಸಂಗ ಮಾಡಿದರು: ಅರ್ಧ ನಮ್ಮ ಪ್ರಯತ್ನ, ಉಳಿದರ್ಧ ಕೃಪೆ. ಹಲವರು ಅತ್ತರು. ಮೇ ತಿಂಗಳಲ್ಲಿ "ಭಾನುವಾರ ನಾದಿನಿ ಬರುತ್ತಾಳೆ, ಎಚ್ಚರವಾಗಿರಬೇಕು" ಎಂದು ಬಂದಾಗ ಅದನ್ನು ಲೋಕಾಂತ್ಯದ ಗುರುತೆಂದೇ ತಿಳಿದರು. ಊರಿನ ನಾದಿನಿಯರು ಎರಡು ವಾರ ಚರ್ಚಿಗೆ ಬರಲಿಲ್ಲ.

ಈಗ ದೊರ್ಕಾ ಅತ್ತೆಯ ವಿಷಯ. ನಾನಿರುವುದು ಅವಳ ಮನೆಯಲ್ಲಿ. ಎರಡು ವರ್ಷದ ಹಿಂದೆ ಒಂದು ಕಂಬ ಕುಸಿದು ಮಾವ ಕಡಲಿನ ಪಾಲಾದರು. ಅತ್ತೆಯ ಸೊಂಟವೂ ಮುರಿಯಿತು. ಆಸ್ಪತ್ರೆಯಿಂದ ಬಂದ ಮೊದಲ ಬೆಳಿಗ್ಗೆ ನುಡಿಗೂಡು "ಎಲ್ಲವೂ ಒಳ್ಳೆಯದಕ್ಕೇ" ಎಂದಿತು. "ಈ ಡಬ್ಬಕ್ಕೆ ಗಂಡ ಸತ್ತಿದ್ದಾನಾ? ಇದಕ್ಕೆ ಸೊಂಟ ಉಂಟಾ?" ಎಂದು ಕೇಳಿ ಅತ್ತೆ ಅದರ ಬಾಯಿಗೆ ದಿಂಬು ತುರುಕಿಸಿದಳು. ಅಂದಿನಿಂದ ಓದಿಲ್ಲ, ಪ್ರಾರ್ಥನೆಯಿಲ್ಲ. ನಗುವೂ ಇಲ್ಲ. ನನ್ನ ತುಂಟತನಗಳನ್ನು ಬೈಯುವುದನ್ನೂ ಬಿಟ್ಟುಬಿಟ್ಟಳು. ನನಗೆ ಭಯವಾದದ್ದು ಆಗ.

ಜುಲೈ ಏಳರಂದು ದಿಂಬಿನೊಳಗಿನಿಂದ ನಿಮ್ಮ ಮಾತು ಕೇಳಿಸಿತು: "ಇದನ್ನು ಬರೆದ ಪುಣ್ಯಾತ್ಮನಿಗೆ ಒಂದು ದಿನವೂ ಹೊಟ್ಟೆನೋವು ಬಂದ ಹಾಗಿಲ್ಲ. ದೇವರೇ, ನೀನು ಮಾತಾಡು. ಇಲ್ಲದಿದ್ದರೆ ನಾನೇ ಮಾತಾಡುತ್ತೇನೆ, ಆಮೇಲೆ ತಲೆನೋವು ಅನ್ನಬೇಡ."

ಅತ್ತೆ ಕೋಲಿನಿಂದ ದಿಂಬನ್ನು ಕೆಡವಿದಳು. "ಯಾರೇ ಇವಳು? ನಮ್ಮವಳೇ ಮಾರಾಯ್ತಿ!" ಎಂದು ಸೊಂಟ ಹಿಡಿದುಕೊಂಡು ನಕ್ಕಳು, ನೋವಿಗೆ ಕಿರುಚಿದಳು, ಮತ್ತೆ ನಕ್ಕಳು. ನಾನು ತಪ್ಪೊಪ್ಪಿಕೊಂಡೆ. ಕಿವಿ ಹಿಂಡಿ ಶಿಕ್ಷೆ ವಿಧಿಸಿದಳು: ದಿನಾ ಪುಸ್ತಕವನ್ನೇ ತಂದು ಓದಬೇಕು, ಅಚ್ಚು ಆಮೇಲೆ, ಪೆನ್ಸಿಲ್ ಮೊದಲು. ನೀವು ದೇವರೊಡನೆ ಜಗಳ ಮಾಡಿದ ಪುಟಗಳಲ್ಲಿ ಅವಳೂ ಸೇರಿಕೊಂಡು ಜಗಳ ಮಾಡಿದಳು. ಸೆಪ್ಟೆಂಬರಿನಲ್ಲಿ ಒಂದು ದಿನ ಆ ಜಗಳಕ್ಕೆ ಕೊನೆಯಲ್ಲಿ "ಆಮೆನ್" ಸೇರಿತು. ನಾನು ಕೇಳಿಸದವಳ ಹಾಗೆ ಗಂಜಿ ಕಲಕಿದೆ.

ಈಗ ಅವಳು ದಿನಾ ನಿಮ್ಮ ಹೊಟ್ಟೆನೋವಿಗಾಗಿ ಪ್ರಾರ್ಥಿಸುತ್ತಾಳೆ. "ಅತ್ತೆ, ಅವರು ಸತ್ತು ಎಷ್ಟೋ ಕಾಲವಾಯಿತಲ್ಲ," ಎಂದೆ. "ನೀನು ದೇವರಿಗೆ ಕ್ಯಾಲೆಂಡರ್ ತೋರಿಸ್ಲಿಕ್ಕೆ ಹೊರಟಿದ್ದೀಯಾ? ಬಾಯಿ ಮುಚ್ಚಿ ಕಣ್ಣು ಮುಚ್ಚು," ಎಂದಳು.

ಇಂದಿನ ಪುಟದಲ್ಲಿ ನೀವು ಬರೆದದ್ದು ಇಷ್ಟೇ: "ನಾಳೆ ಆಪರೇಷನ್. ಹೆದರಿಕೆಯಾಗುತ್ತದೆ. ನೀನು ಜೊತೆಗೆ ಬರುತ್ತೀಯಲ್ಲ?" ಅತ್ತೆ ಪುಸ್ತಕ ಮುಚ್ಚಿಸಿ, "ನಾಳೆ ನೋಡುವ," ಎಂದಳು.

ನಾನು ಕಳ್ಳಿ, ನಾಳೆಯವರೆಗೆ ಕಾಯಲಿಲ್ಲ. ಮನೆಯ ಹಿಂಬದಿಗೆ ಹೋಗಿ ಮುಂದಿನ ಪುಟಗಳನ್ನೆಲ್ಲ ತಿರುವಿದೆ. ನವೆಂಬರ್ ಇಪ್ಪತ್ತರಿಂದ ಡಿಸೆಂಬರ್ ಮೂವತ್ತೊಂದರವರೆಗೆ ಅಂಚುಗಳೆಲ್ಲ ಬಿಳಿ. ನಿಮ್ಮ ಅಕ್ಷರವನ್ನು ನಕಲು ಮಾಡಿ ನಾನೇ ಏನಾದರೂ ಗೀಚಬಹುದಿತ್ತು. ಅದು ನನಗೆ ನೀರು ಕುಡಿದಷ್ಟು ಸುಲಭ. ಪೆನ್ಸಿಲ್ ಕೂಡ ಕೈಗೆತ್ತಿಕೊಂಡೆ. ಆದರೆ ಅತ್ತೆಗೆ ಎರಡು ವರ್ಷ ಎಲ್ಲರೂ ಸಿಹಿ ಸುಳ್ಳನ್ನೇ ಹೇಳಿದ್ದಾರೆ. ಜೀವನದಲ್ಲಿ ಮೊದಲ ಬಾರಿಗೆ ನನ್ನಿಂದ ಆಗಲಿಲ್ಲ.

ಆದ್ದರಿಂದ ಈ ಓಲೆ ನಿಮ್ಮ ನವೆಂಬರ್ ಇಪ್ಪತ್ತರ ಪುಟದೊಳಗೆ ಬಂದು ಬೀಳುವ ಹಾಗೆ ಕಳಿಸುತ್ತಿದ್ದೇನೆ. ನೀವು ಯಾವ ದಿನ ಪುಸ್ತಕ ತೆರೆಯುತ್ತೀರೋ ಆ ದಿನ, ಹಾಸಿಗೆಯಲ್ಲಿದ್ದರೂ ಪರವಾಗಿಲ್ಲ, ಆ ಅಂಚಿನಲ್ಲಿ ಏನಾದರೂ ಬರೆಯಿರಿ. ನೀವು ಅಲ್ಲಿ ಬರೆದರೆ ಇಲ್ಲಿ ಕಾಣಿಸುತ್ತದೆ. ಒಳ್ಳೆಯ ಮಾತೇ ಆಗಬೇಕೆಂದಿಲ್ಲ. ನೋವಾಗುತ್ತಿದ್ದರೆ ನೋವು ಎನ್ನಿ. ನರ್ಸನ್ನು ಬೈಯಿರಿ, ನಾದಿನಿಯನ್ನು ಬೈಯಿರಿ. ಹಾಲು ಎಂದು ಬರೆದರೂ ಸಾಕು, ಅರ್ಧ ಲೀಟರಿನಲ್ಲಿ ಬದುಕುವುದು ನಮಗೆ ರೂಢಿಯಾಗಿದೆ.

ನಾಳೆ ಆರಕ್ಕೆ ಪುಟ ತಿರುಗಿಸುತ್ತೇವೆ. ದಿಂಬನ್ನು ನಾನು ಅಟ್ಟದ ಮೇಲೆ ಬಚ್ಚಿಟ್ಟಿದ್ದೇನೆ.