ಬಾಗಿಲ ಬಲಗಡೆಯ ಕರಿಕಲ್ಲು

ಲೆಸ್ತಾರಿ ಅಮ್ಮನವರಿಗೆ, ಬಾಲಿಯ ಮನೆಯಿಂದ ದರ್ಮಿನಿಯ ನಮಸ್ಕಾರ.

ನನ್ನ ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪಿರಬಹುದು. ಪ್ರೈಮರಿ ಶಾಲೆ ಬಿಟ್ಟ ಮೇಲೆ ಬರೆದದ್ದು ಕಡಿಮೆ, ಕ್ಷಮಿಸಿ.

ಬಾಡಿಗೆಯವರು ಹೋದರು, ಮನೆ ತೊಳೆದಿದ್ದೇನೆ. ದಲ್ಲಾಳಿ ಪುತು ಅಣ್ಣ ಬಂದು ಅಂಗಳದಲ್ಲಿ ಈಜುಕೊಳಕ್ಕೆ ಸುಣ್ಣದ ಗೆರೆ ಎಳೆದರು. ಕೊಳವಾದರೆ ನೀವು ಹಾಕಿದ ಹಣಕ್ಕೆ ವರ್ಷಕ್ಕೆ ನೂರಕ್ಕೆ ಆರರ ಬದಲು ಒಂಬತ್ತು ಬಾಡಿಗೆ ಹುಟ್ಟುತ್ತದಂತೆ. ನಿಮಗೆ ಒಳ್ಳೆಯದಾಗಲಿ. ಆದರೆ ಬಾಗಿಲ ಬಲಗಡೆಯ ಕರಿಕಲ್ಲು ಆ ಗೆರೆಯೊಳಗೆ ಬಂದಿದೆ. ನನ್ನ ತಮ್ಮ ಕೋಮಾಂಗ್ ಹುಟ್ಟಿದಾಗ ಅವನ ಮಾಸು ಹೂತದ್ದು ಅದರಡಿಯಲ್ಲಿ; ನಮ್ಮಲ್ಲಿ ಗಂಡುಮಗುವಿನದು ಬಾಗಿಲ ಬಲಕ್ಕೆ, ಹೆಣ್ಣುಮಗುವಿನದು ಎಡಕ್ಕೆ. ಅವನನ್ನು ಹಡಗಿನ ಕೆಲಸಕ್ಕೆ ಕಳಿಸಲೆಂದೇ ಅಪ್ಪ ಈ ಮನೆಯನ್ನು ನಿಮಗೆ ಗುತ್ತಿಗೆ ಕೊಟ್ಟಿದ್ದು. ದೂರದಲ್ಲಿ ಅವನಿಗೆ ಜ್ವರ ಎಂದು ತಿಳಿದರೆ ನಮ್ಮಮ್ಮ ಇಲ್ಲಿಗೆ ಬಂದು ಕಲ್ಲಿಗೆ ನೀರೆರೆಯುತ್ತಾಳೆ.

"ಏನೇ, ಕಲ್ಲು ಬಾಡಿಗೆ ಕೊಡತ್ತಾ?" ಅಂತ ಪುತು ಅಣ್ಣ ನಕ್ಕರು.

"ಇಲ್ಲಣ್ಣ, ಆದ್ರೆ ಯಾವತ್ತೂ ಖಾಲಿನೂ ಮಾಡಲ್ಲ" ಅಂದುಬಿಟ್ಟೆ. ಆಮೇಲೆ ನಾಚಿಕೆಯಾಯಿತು.

ಹಗ್ಗ ಹಿಡಿದು ಅಳೆದು ನೋಡಿದೆ. ಕೊಳವನ್ನು ಅಡುಗೆಮನೆಯ ಕಡೆ ಎರಡು ಮಾರು ಸರಿಸಿದರೂ ಅಷ್ಟೇ ದೊಡ್ಡದಾಗುತ್ತದೆ, ಬಿಸಿಲೂ ಬೀಳುತ್ತದೆ. ಮುಂದಿನ ವಾರ ಅಗೆಯುವವರು ಬರುವ ಮೊದಲು ದಯವಿಟ್ಟು ಪುತು ಅಣ್ಣನಿಗೊಂದು ಮಾತು ಹೇಳಿ.

ಬಾಗಿಲ ಎಡಗಡೆ ನನ್ನ ಮಾಸು ಹೂತ ಕಲ್ಲಿತ್ತು. ಕಾರು ನಿಲ್ಲಿಸಲು ನೀವು ಅಲ್ಲಿ ಸಿಮೆಂಟು ಹಾಕಿಸಿದಾಗ ನಾನು ಏನೂ ಹೇಳಲಿಲ್ಲ. ನಾನು ಇಲ್ಲೇ ಇದ್ದೇನಲ್ಲ, ತಮ್ಮ ದೂರದಲ್ಲಿದ್ದಾನೆ.

ಗೆರೆಯನ್ನು ಅಳಿಸಿಲ್ಲ ಅಮ್ಮ. ಇವತ್ತು ಬೆಳಿಗ್ಗೆ ಅದನ್ನು ತುಳಿಯದೆ ದಾಟಿ, ಕಲ್ಲಿನ ಮೇಲೆ ಹೂವಿಟ್ಟು ಬಂದೆ.

ನಿಮ್ಮ ಮನೆ ನೋಡಿಕೊಳ್ಳುವ
ದರ್ಮಿನಿ