ಗಡಿಯಾರದವನ ಹೆಂಡತಿಯನ್ನು ಮುಳುಗಿಸಿದವನಿಗೆ

ಅಣ್ಣಾ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಸುಳ್ಳು ಹೇಳುವುದಕ್ಕೆ ನಮ್ಮ ಮನೆಯಲ್ಲಿ ನೀನೊಬ್ಬ ಸಾಕು.

ಭಾನುವಾರ ನೀನು ಬಂದು ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಅಮ್ಮನ ಮಂಚದ ಪಕ್ಕದ ಸ್ಟೂಲು ಒರೆಸಿದ್ದು. ನೀನು ಕಿತ್ತಳೆ ತಿಂದು, ಬೀಜಗಳನ್ನು ಅಲ್ಲಿದ್ದ, ನಾನು ಅಮ್ಮನಿಗೆ ಓದಿ ಹೇಳುತ್ತಿರುವ ಕಾದಂಬರಿಯ ರಟ್ಟಿನ ಮೇಲೆ ಉಗಿದು ಹೋಗಿದ್ದೆ. ಅದರ ಪಕ್ಕದಲ್ಲೇ ಟೀ ಲೋಟದ ಉಂಗುರ. ಒಳಗೆ ನೋಡಿದರೆ ನಾಲ್ಕಾರು ಹಾಳೆಗಳ ಮೂಲೆ ಇನ್ನೂ ಒದ್ದೆಯಾಗಿತ್ತು. ನಾಲಿಗೆಗೆ ಬೆರಳು ತಾಗಿಸಿ ಹಾಳೆ ತಿರುವುವ ನಿನ್ನ ಆ ಗತ್ತು ಹೋಗಿಲ್ಲ ನೋಡು. ಹೇಸಿಗೆಯಾಯಿತು. ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಕಸಕ್ಕೆ ಹಾಕಿದೆ. ಅಮ್ಮನಿಗೆ ನೀನು ಏನು ಹೇಳಿ ಹೋಗಿದ್ದೀ ಎಂಬುದು ಆಗಿನ್ನೂ ನನಗೆ ಗೊತ್ತಿರಲಿಲ್ಲ.

ನಮ್ಮ ಸಂಜೆಗಳು ಹೇಗಿರುತ್ತಿದ್ದವು ಅಂತ ನಿನಗೆ ತಿಳಿಯದು, ನೀನು ಬರುವುದು ಹಗಲು ಹೊತ್ತಿನಲ್ಲಿ. ನಾನು ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ಊರವರ ಮೂಗಿನ ಮೇಲೆ ಕನ್ನಡಕ ಕೂರಿಸುತ್ತೇನೆ. ಹತ್ತಿರದ ದೃಷ್ಟಿ ಸರಿಯಾಗಿದೆಯೇ ನೋಡಲು ಗಿರಾಕಿಗಳ ಕೈಗೆ ಒಂದು ಕಾರ್ಡು ಕೊಡುತ್ತೇವಲ್ಲ, ಅದರಲ್ಲಿ ಮೊದಲು ಬರೀ ಬಿಡಿ ಅಕ್ಷರಗಳಿದ್ದವು. ನಾನು ಅದನ್ನು ತೆಗೆದು ಹಳೆಯ ಕಾದಂಬರಿಯೊಂದರ ಅರ್ಧ ಪುಟ ಅಂಟಿಸಿದ್ದೇನೆ. ಸಣ್ಣ ಅಕ್ಷರದ ಕೊನೆಯ ಸಾಲಿನಲ್ಲಿ ಬಾಗಿಲು ಬಡಿದ ಸದ್ದಾಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಮೊನ್ನೆ ಒಬ್ಬರು ಮುದುಕರು ಹೊಸ ಕನ್ನಡಕದಲ್ಲಿ ಕೊನೆಯ ಸಾಲಿನ ತನಕ ಓದಿ, “ಬಂದವರು ಯಾರಮ್ಮಾ?” ಅಂತ ಕೇಳಿ, ಉತ್ತರ ಸಿಗುವ ತನಕ ಹೊರಡಲಿಲ್ಲ. ಮಾಲೀಕರು ಬೈಯುತ್ತಾರೆ. ಬೈಯಲಿ, ನನ್ನ ಸುಖಗಳೆಲ್ಲ ಇಷ್ಟಿಷ್ಟೇ ಅಗಲದವು.

ಮನೆಗೆ ಬಂದು ಬ್ರೆಡ್ ಕಾಯಿಸಿ ಬೆಣ್ಣೆ ಸವರಿ, ಎರಡು ಲೋಟ ಟೀ ಇಟ್ಟುಕೊಂಡು ಅಮ್ಮನ ಕಾಲ ಬಳಿ ಕೂರುತ್ತೇನೆ. ಅಮ್ಮನ ಕಣ್ಣು ಪೂರ್ತಿ ಹೋದ ಮೇಲೆ ಶುರುವಾದ ಅಭ್ಯಾಸ ಇದು. ದಿನಕ್ಕೊಂದು ಅಧ್ಯಾಯ, ಅದಕ್ಕಿಂತ ಹೆಚ್ಚಿಲ್ಲ. ಹೆಚ್ಚು ಕೇಳಿದರೆ ರುಚಿ ಕೆಡುತ್ತದೆ ಎನ್ನುತ್ತಾಳೆ ಅಮ್ಮ. ಜೀವನವಿಡೀ ಬೇರೆಯವರ ಬಟ್ಟೆ ಇಸ್ತ್ರಿ ಮಾಡಿದವಳು, ಓದಲು ಪುರುಸೊತ್ತು ಸಿಕ್ಕಿದ್ದೇ ಕಣ್ಣು ಹೋದ ಮೇಲೆ. ಅವಳು ಕೇಳುವ ರೀತಿಯೇ ಬೇರೆ. “ಆ ಅತ್ತೆ ಕೆನ್ನೆಗೆ ಯಾರಾದ್ರೂ ಎರಡು ಬಿಗೀಬಾರ್ದಾ?” ಅನ್ನುತ್ತಾಳೆ. ಯಾರೋ ಒದ್ದೆ ಕೋಟು ತೊಟ್ಟು ಒಳಗೆ ಬಂದರೆ, “ಅದನ್ನ ಮೊದಲು ಬಿಚ್ಚಿ ಒಣಗೋಕೆ ಹಾಕು ಅನ್ನು” ಎಂದು ನನಗೆ ಹೇಳುತ್ತಾಳೆ, ನಾನು ಹೇಳಿದರೆ ಅವನು ಕೇಳುತ್ತಾನೆ ಅನ್ನುವ ಹಾಗೆ. ಅಧ್ಯಾಯ ಮುಗಿದ ಮೇಲೆ ಪುಸ್ತಕ ಈಸಿಕೊಂಡು, ಉಳಿದ ಹಾಳೆಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ದಪ್ಪ ನೋಡುತ್ತಾಳೆ. ಇನ್ನೂ ಇದೆ ಅಂತ ಗೊತ್ತಾದರೆ ಅವಳಿಗೆ ನಿದ್ದೆ ಚೆನ್ನಾಗಿ ಬರುತ್ತದೆ.

ನೀನು ಬಂದ ಮರುದಿನ ನಾನು ಪುಸ್ತಕ ತೆರೆದರೆ, “ಬೇಡ ಬಿಡು” ಅಂದಳು. ಮೈ ಸರಿಯಿಲ್ಲವೇನೋ ಅಂದುಕೊಂಡೆ. ಮರುದಿನವೂ ಬೇಡ. ಅದರ ಮರುದಿನ ಬ್ರೆಡ್ಡೂ ಬೇಡ. ಗೋಡೆ ಕಡೆ ತಿರುಗಿ ಮಲಗಿದಳು. ನಾಲ್ಕನೆಯ ಸಂಜೆ ನಾನು ಜೋರು ಮಾಡಿದೆ. ಆಗ ಬಾಯಿ ಬಿಟ್ಟಳು. “ಆ ಗಡಿಯಾರದವನ ಹೆಂಡ್ತಿ ನೀರಿಗೆ ಬಿದ್ದು ಸಾಯ್ತಾಳಂತಲ್ಲ, ಪಾಪ. ಅಣ್ಣ ಹೇಳಿದ. ಪುಸ್ತಕ ದಪ್ಪ ಇದೆಯಮ್ಮ, ಅಲ್ಲೀವರೆಗೆ ನಿನಗೆ ಆಗುತ್ತೋ ಇಲ್ಲವೋ, ಕೊನೇನ ಈಗಲೇ ಹೇಳಿಬಿಡ್ತೀನಿ ಅಂದ.” ಗೋಡೆಯಿಂದ ನನ್ನ ಕಡೆ ತಿರುಗಿ ಕೇಳಿದಳು, “ಡಾಕ್ಟರು ಎಷ್ಟು ದಿನ ಅಂದರು?”

ಆಸ್ಪತ್ರೆಯ ಮೆಟ್ಟಿಲ ಮೇಲೆ ನಾವಿಬ್ಬರೂ ಏನು ಮಾತಾಡಿಕೊಂಡಿದ್ದೆವು, ನೆನಪಿದೆಯಾ? ಅಮ್ಮನಿಗೆ ಹೇಳುವುದು ಬೇಡ, ಇರುವಷ್ಟು ದಿನ ಇದ್ದ ಹಾಗೇ ಇರಲಿ ಅಂತ ನೀನೇ ನನ್ನ ಕೈ ಹಿಡಿದು ಹೇಳಿದ್ದೆ. ಹಾಗೆ ಹೇಳಿದವನು ಕಿತ್ತಳೆ ಸುಲಿಯುತ್ತಾ ಸುಲಿಯುತ್ತಾ ಕಾದಂಬರಿಯ ನೆಪದಲ್ಲಿ ಅವಳ ಸಾವನ್ನು ಅವಳಿಗೇ ಹೇಳಿ ಎದ್ದು ಹೋದೆ. ಒಳ್ಳೆಯದಕ್ಕೇ ಹೇಳಿದೆ ಎನ್ನುತ್ತೀಯ, ನನಗೆ ಗೊತ್ತು. ನಿನ್ನ ಆ ಒಳ್ಳೆಯತನ ನೆನೆದರೆ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಆದರೆ ನನ್ನ ನಿಜವಾದ ಅಸಹ್ಯ ಬೇರೆಯೇ ಇದೆ, ಅದನ್ನೂ ಕೇಳು.

ಅವಳು ನೀರಿಗೆ ಬೀಳುವುದಿಲ್ಲ ಅಣ್ಣಾ. ಆ ಪುಸ್ತಕದಲ್ಲಿ ಯಾರೂ ನೀರಿಗೆ ಬೀಳುವುದಿಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿದ್ದ ಪ್ರತಿಗೆ ಕೊನೆಯ ಹಾಳೆಗಳೇ ಇರಲಿಲ್ಲ. ಗಡಿಯಾರ ರಿಪೇರಿಯವನ ಹೆಂಡತಿ ಗಂಡನನ್ನು ಹುಡುಕಿಕೊಂಡು ಬಂದರಿಗೆ ಬಂದು ಕಟ್ಟೆಯ ಮೇಲೆ ನಿಲ್ಲುತ್ತಾಳೆ, ಅಲ್ಲಿಗೆ ಪುಸ್ತಕ ಹರಿದಿತ್ತು. ನಾನು ಅತ್ತಿದ್ದೆ. ಆಗ ನೀನು, “ನಾನು ಲೈಬ್ರರಿಯಲ್ಲಿ ಪೂರ್ತಿ ಓದಿದೀನಿ, ಅವಳು ಹಾರಿ ಸಾಯ್ತಾಳೆ” ಅಂದೆ. ಅವತ್ತಿನಿಂದ ಮನೆಯವರೆಲ್ಲ ನಿನ್ನನ್ನು ‘ಲೈಬ್ರರಿ’ ಎಂದೇ ಕರೆದರು. ಕಥೆ ಏನೆಂದು ಕೇಳಲು ಇಸ್ತ್ರಿ ಪೆಟ್ಟಿಗೆ ಹಿಡಿದ ಅಮ್ಮನಿಗೆ ಪುರುಸೊತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೆ ಹಳೆಯ ಪುಸ್ತಕ ಮಾರುವವನ ಗಾಡಿಯಲ್ಲಿ ಪೂರ್ತಿ ಪ್ರತಿ ಸಿಕ್ಕಿತು. ಅದನ್ನು ಓದುತ್ತಾ ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿ ಡಿಪೋ ತನಕ ಹೋಗಿದ್ದೆ. ಕೊನೆ ಓದಿ ನಿನ್ನನ್ನು ನೆನೆದು ನಕ್ಕೆ. ಹುಡುಗ, ಏನೋ ಬುರುಡೆ ಬಿಟ್ಟಿದ್ದ ಅಂದುಕೊಂಡೆ.

ಆದರೆ ತಲೆ ನರೆತ ಮೇಲೂ ಅದನ್ನೇ ಬಿಡುತ್ತೀಯಲ್ಲ. ಕೆಲಸದಿಂದ ನಿವೃತ್ತನಾದ ದಿನ ಮೈಕು ಹಿಡಿದು, “ನಾನು ಕ್ಲಾಸಿಕ್ ಬಿಟ್ಟು ಬೇರೆ ಓದುವವನಲ್ಲ” ಅಂದೆ. ನಿನ್ನ ಗಾಜಿನ ಬೀರುವಿನಲ್ಲಿ ಚಿನ್ನದ ಅಕ್ಷರದ ಸಂಪುಟಗಳು ಸಾಲಾಗಿ ನಿಂತಿವೆ. ಆ ಬೀರುವಿನ ಕೀಲಿ ಮನೆ ಬದಲಿಸಿದಾಗಲೇ ಕಳೆದುಹೋಯಿತಂತೆ, ನೀನು ಇವತ್ತಿನ ತನಕ ಕೇಳಿಲ್ಲವಂತೆ. ಅತ್ತಿಗೆ ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ಓದದೇ ಇರುವುದು ತಪ್ಪಲ್ಲ, ಅಮ್ಮ ಓದಿರಲಿಲ್ಲ. ಬಾಯಿಗೇ ಇಡದ ಊಟಕ್ಕೆ ತೇಗುತ್ತೀಯಲ್ಲ, ಅದು ಅಸಹ್ಯ.

ಆ ನಾಲ್ಕನೆಯ ಸಂಜೆ, ಡಾಕ್ಟರು ಹೇಳಿದ್ದನ್ನು ನಾನು ಅಮ್ಮನಿಂದ ಮುಚ್ಚಿಡಲಿಲ್ಲ. ಎಷ್ಟು ಹೇಳಿದ್ದರೋ ಅಷ್ಟನ್ನೂ ಹೇಳಿದೆ. ಅವಳು ಅಳಲಿಲ್ಲ, ಸೆರಗಿನ ಅಂಚನ್ನು ಇಸ್ತ್ರಿ ಮಾಡುವವಳ ಹಾಗೆ ಅಂಗೈಯಿಂದ ತೀಡುತ್ತಾ ಕೂತಳು. ಆಮೇಲೆ ನಾನು, “ಇನ್ನೊಂದು ವಿಷಯ. ಅಣ್ಣ ಹೇಳಿದ ಕೊನೆ ತಪ್ಪು, ಅವನು ಅದನ್ನ ಓದೇ ಇಲ್ಲ” ಅಂದೆ.

ತೀಡುತ್ತಿದ್ದ ಕೈ ನಿಂತಿತು.

“ಸಾಯಲ್ವಾ ಹಾಗಾದ್ರೆ?”

“ಹೇಳಲ್ಲ.”

“ಗಂಡ ಸಿಕ್ತಾನಾ?”

“ಹೇಳಲ್ಲ ಅಂದ್ನಲ್ಲ.”

ಅಮ್ಮ ನಕ್ಕಳು. ನಾಲ್ಕು ದಿನದ ಮೇಲೆ ನಕ್ಕಳು. “ಅವನಿಗೆ ಮಾತ್ರ ಹೇಳ್ಬೇಡ, ಓದಿಲ್ಲ ಅಂತ ನಮಗೆ ಗೊತ್ತಾಯ್ತು ಅಂದ್ರೆ ನಾಚಿಕೊಂಡು ಈ ಕಡೆ ಬರೋದೇ ಬಿಡ್ತಾನೆ” ಅಂದಳು. ನಾನು ಹೇಳುತ್ತಿದ್ದೇನೆ. ನೀನು ನಾಚಬೇಕು ಅಂತಲೇ ಹೇಳುತ್ತಿದ್ದೇನೆ. ಆದರೆ ಬರುವುದನ್ನು ಬಿಟ್ಟೆಯೋ, ಆಗ ನೋಡು. ಭಾನುವಾರ ಸಂಜೆ ಹೊತ್ತಿಗೆ ಬಾ, ಕೈ ತೊಳೆದುಕೊಂಡು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಬಾಯಿ ಮುಚ್ಚಿಕೊಂಡು ಕೇಳು. ಹಣ್ಣು ತರಬೇಡ. ಕೊನೆ ಏನೆಂದು ನಿನಗೂ ಹೇಳುವುದಿಲ್ಲ. ನೀನು ಹೇಳಿದ್ದು ಸುಳ್ಳಾದ್ದರಿಂದಲೇ ಅಮ್ಮ ಮತ್ತೆ ಎದ್ದು ಕೂತಳು, ಅದಕ್ಕಾಗಿ ನಿನಗೆ ಋಣಿಯಾಗಬೇಕಾಗಿ ಬಂದಿರುವುದೂ ನನಗೆ ಅಸಹ್ಯವೇ.

ಅವತ್ತು ಅಮ್ಮ ಪುಸ್ತಕ ಕೇಳಿ ಈಸಿಕೊಂಡಳು. ಉಳಿದ ಹಾಳೆಗಳನ್ನು ಬೆರಳ ನಡುವೆ ಹಿಡಿದು, ಬಹಳ ಹೊತ್ತು ದಪ್ಪ ನೋಡಿದಳು. ಈಗಲಾದರೂ ದಿನಕ್ಕೆ ಎರಡು ಅಧ್ಯಾಯ ಓದಲೇ ಅಂತ ಕೇಳಿದೆ. ಬೇಡ, ಒಂದೇ ಸಾಕು ಅಂದಳು. ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿ ಹೇಳಿದಳು:

“ಅವನು ಹೇಳಿದ್ದು ಎರಡು ಮಾತು. ಒಂದು ಸುಳ್ಳಾಯ್ತಲ್ಲ. ಕೊನೇವರೆಗೆ ನನಗೆ ಆಗುತ್ತೋ ಇಲ್ಲವೋ ಅಂದನಲ್ಲ, ಅದನ್ನೂ ನೋಡೋಣ. ನೀನು ಕನ್ನಡಕ ಹಾಕ್ಕೋ.”

ನಿನ್ನ ಕಣ್ಣು ಚೆನ್ನಾಗಿರಲಿ ಅಂತ ಹರಸಿ ಬರೆ ಎಂದಿದ್ದಾಳೆ. ಬರೆದಿದ್ದೇನೆ. ಹರಕೆ ಅವಳದು, ಕೈಬರಹ ಮಾತ್ರ ನನ್ನದು.

ಇನ್ನೂ ಸಿಟ್ಟಿಳಿಯದ,
ನಿನ್ನ ತಂಗಿ